ರಾಜನ ಮುಖವಿದ್ದ ಮಾತ್ರಕ್ಕೆ ನಾಣ್ಯ ರಾಜನದಾಗುವುದೇ?



ಸಂತ ಮತ್ತಾಯನ ಶುಭಸಂದೇಶವನ್ನು ಓದುವ ವರ್ಷಗಳಲ್ಲಿ ಸಾಧಾರಣ ಕಾಲದ 29ನೇ ಭಾನುವಾರ ಬಂತೆಂದರೆ ನಾಣ್ಯದ ಪ್ರಸಂಗ ಬರುತ್ತದೆ. ಸೀಸರನಿಗೆ ತೆರಿಗೆ ಕೊಡುವುದು ಸರಿಯೋ ತಪ್ಪೋ ಎಂದು ಫರಿಸಾಯರ ಕಡೆಯವರು ಕೇಳುತ್ತಾರೆ. ಯೇಸುಸ್ವಾಮಿ ಒಂದು ನಾಣ್ಯ ತರಿಸಿ, ಇದರ ಮೇಲಿರುವ ಮುಖ ಯಾರದೆಂದು ಅವರನ್ನೇ ಮರಳಿ ಕೇಳುತ್ತಾರೆ. ಆ ಭಾನುವಾರ ನಾನೂ ಬಹುಪಾಲು ಗುರುಗಳಂತೆ, ತೆರಿಗೆ ಕಟ್ಟಿ, ಕಾನೂನು ಪಾಲಿಸಿ, ಹೃದಯವನ್ನು ದೇವರಿಗೆ ಕೊಡಿ ಎಂದು ಹೇಳಿ ಪ್ರಬೋಧನೆ ಮುಗಿಸುತ್ತಿದ್ದೆ. ಒಮ್ಮೆ ಪೂಜೆಯ ನಂತರ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ದೇವಾಲಯದ ಮೆಟ್ಟಿಲ ಬಳಿ ನನ್ನನ್ನು ತಡೆದು ನಿಲ್ಲಿಸಿದರು. ನಲವತ್ತು ವರ್ಷ ದಿನಸಿ ಅಂಗಡಿ ನಡೆಸಿದವರು ಅವರು.

"ಫಾದರ್, ನನ್ನ ಅಂಗಡಿಯ ತೂಕದ ಬಟ್ಟಿನ ಮೇಲೆ ಸರ್ಕಾರದ ಮುದ್ರೆ ಇರ್ತಿತ್ತು. ಹಾಗಂತ ನಾನು ತೂಗಿ ಕೊಡೋ ಅಕ್ಕಿ ಸರ್ಕಾರದ್ದಾಗುತ್ತಾ?"

"ಅದು ಹೇಗೆ ಆಗುತ್ತೆ ಅಜ್ಜ?" ಎಂದೆ.

"ಮತ್ತೆ ನಾಣ್ಯ?" ಎಂದರು.

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಕಾಫಿಗೆ ಬನ್ನಿ ಎಂದು ಕರೆದು ಮಾತು ಮರೆಸಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಗುರುಮಠದಲ್ಲಿ ಶ್ರೀಸಭೆಯ ಚರಿತ್ರೆ ಓದುವಾಗ ಒಂದೇ ಸಾಲಿನಲ್ಲಿ ಬಂದು ಹೋಗಿದ್ದ ಹೆಸರೊಂದು ನೆನಪಾಗಿ ಹುಡುಕಿದೆ. ನಾನೂರು ವರ್ಷಗಳ ಹಿಂದೆ, ಸ್ಪೇನ್ ದೇಶದಲ್ಲಿ, ಯೇಸುಸಭೆಯ ಒಬ್ಬ ಮುದಿ ಗುರು ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ತನ್ನ ರಾಜನಿಗೆ ಕೇಳಿ ಬಂಧನಕ್ಕೊಳಗಾಗಿದ್ದರು. ಅವರ ಹೆಸರು ಹುವಾನ್ ದೆ ಮರಿಯಾನ.

ಮರಿಯಾನ ಹುಟ್ಟಿದ್ದು 1536ರ ಆಸುಪಾಸಿನಲ್ಲಿ, ತಲವೇರಾ ಎಂಬ ಊರಿನಲ್ಲಿ. ಅಲ್ಕಲಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಹುಡುಗ 1554ರಲ್ಲಿ ಯೇಸುಸಭೆ ಸೇರಿದ. ಸಂತ ಇಗ್ನಾಸಿಯವರು ಆಗಿನ್ನೂ ಬದುಕಿದ್ದರು. ಗುರುದೀಕ್ಷೆಯ ನಂತರ ರೋಮ್, ಸಿಸಿಲಿ, ಪ್ಯಾರಿಸ್‌ಗಳಲ್ಲಿ ದೈವಶಾಸ್ತ್ರ ಕಲಿಸಿದರು. ರೋಮಿನಲ್ಲಿ ಅವರ ಪಾಠ ಕೇಳಿದವರಲ್ಲಿ ಮುಂದೆ ಸಂತರಾದ ರಾಬರ್ಟ್ ಬೆಲ್ಲರ್ಮಿನ್ ಒಬ್ಬರು. ಅವರು ಪ್ಯಾರಿಸಿನಲ್ಲಿದ್ದ ಕಾಲದಲ್ಲೇ, 1572ರ ಸಂತ ಬಾರ್ತಲೋಮಿಯೋ ಹಬ್ಬದ ದಿನ, ಅಲ್ಲಿ ಪ್ರೊಟೆಸ್ಟಂಟರ ಕಗ್ಗೊಲೆ ನಡೆಯಿತು. 1574ರಲ್ಲಿ ಆರೋಗ್ಯ ಕೆಟ್ಟು ತೊಲೆದೊ ನಗರದ ಯೇಸುಸಭೆಯ ಮನೆಗೆ ಮರಳಿದರು. ಮುಂದಿನ ಐವತ್ತು ವರ್ಷ ಹೆಚ್ಚುಕಡಿಮೆ ಅಲ್ಲೇ ಪುಸ್ತಕಗಳ ನಡುವೆ ಕಳೆದರು. ಸ್ಪೇನಿನ ಚರಿತ್ರೆಯನ್ನು ಮೊದಲು ಲತೀನಿನಲ್ಲಿ 1592ರಲ್ಲಿ ಅಚ್ಚು ಹಾಕಿಸಿ, ಆಮೇಲೆ ತಾವೇ ಸ್ಪ್ಯಾನಿಷ್ ಭಾಷೆಗೆ ತಂದರು. ಜನಸಾಮಾನ್ಯರು ಅವರನ್ನು ಬಲ್ಲದ್ದು ಆ ಚರಿತ್ರೆಯಿಂದಲೇ. ಇಷ್ಟು ನೋಡಿದರೆ ಇವರು ಗಲಭೆ ಎಬ್ಬಿಸುವ ಮನುಷ್ಯ ಎಂದು ಯಾರೂ ಹೇಳಲಾರರು.

1598ರಲ್ಲಿ ಎರಡನೇ ಫಿಲಿಪ್ ತೀರಿಕೊಂಡು ಇಪ್ಪತ್ತು ವರ್ಷದ ಮೂರನೇ ಫಿಲಿಪ್ ಪಟ್ಟಕ್ಕೆ ಬಂದ. ಮರುವರ್ಷ ಮರಿಯಾನ ರಾಜನ ಕರ್ತವ್ಯಗಳ ಕುರಿತ ಒಂದು ಗ್ರಂಥವನ್ನು ಈ ಯುವರಾಜನಿಗೇ ಅರ್ಪಿಸಿ ಪ್ರಕಟಿಸಿದರು. ಬರೆಯಿರೆಂದು ಒತ್ತಾಯಿಸಿದ್ದವರು ರಾಜನ ಬಾಲ್ಯದ ಉಪಾಧ್ಯಾಯರಾಗಿದ್ದ ಗಾರ್ಸಿಯಾ ದೆ ಲೊಯೈಸಾ. ಅಧಿಕೃತ ಅನುಮತಿಯೂ ಇತ್ತು. ಒಳಗೆ ಇದ್ದದ್ದು ಮಾತ್ರ ಅರಮನೆಯವರು ಬಯಸುವ ಹೊಗಳಿಕೆಯಲ್ಲ. ಅಧಿಕಾರವನ್ನು ರಾಜನಿಗೆ ಕೊಟ್ಟವರು ಜನರು. ಕೊಡುವಾಗ ಹೆಚ್ಚಿನದನ್ನು ತಮ್ಮಲ್ಲೇ ಉಳಿಸಿಕೊಂಡರು. ಆದ್ದರಿಂದ ಜನಪ್ರತಿನಿಧಿಗಳ ಸಭೆಯ ಒಪ್ಪಿಗೆಯಿಲ್ಲದೆ ರಾಜ ಹೊಸ ತೆರಿಗೆ ಹಾಕುವಂತಿಲ್ಲ. ದೇಶದ ಕಾನೂನು ಉಳಿದವರಂತೆ ಅವನನ್ನೂ ಕಟ್ಟುತ್ತದೆ. ಇದು ಆ ಗ್ರಂಥದ ತಿರುಳು.

ಈ ಮಾತು ಮರಿಯಾನರ ತಲೆಯಲ್ಲಿ ಮಾತ್ರ ಹುಟ್ಟಿದ್ದಲ್ಲ. ಸಲಮಾಂಕ ವಿಶ್ವವಿದ್ಯಾಲಯದಲ್ಲಿ ಅದಕ್ಕೆ ಆಗಲೇ ಎರಡು ತಲೆಮಾರಿನ ಬೇರು ಇತ್ತು. ದೊಮಿನಿಕನ್ ಗುರು ಫ್ರಾನ್ಸಿಸ್ಕೊ ದೆ ವಿತೋರಿಯ ಅಮೆರಿಕದ ಮೂಲನಿವಾಸಿಗಳೇ ತಮ್ಮ ನೆಲದ ನಿಜವಾದ ಒಡೆಯರು, ಅವರು ಕ್ರೈಸ್ತರಲ್ಲ ಎಂಬುದು ಅದನ್ನು ಕಿತ್ತುಕೊಳ್ಳಲು ಕಾರಣವಾಗದು ಎಂದು 1539ರಲ್ಲಿ ಉಪನ್ಯಾಸ ಕೊಟ್ಟಿದ್ದರು. ಮಾರ್ತಿನ್ ದೆ ಅಸ್ಪಿಲ್ಕ್ವೆತ ಎಂಬ ಮತ್ತೊಬ್ಬರು, ಹಣ ಎಲ್ಲಿ ಹೇರಳವೋ ಅಲ್ಲಿ ಅದರ ಬೆಲೆ ಕುಗ್ಗುತ್ತದೆ ಎಂದು 1556ರಲ್ಲೇ ಬರೆದಿದ್ದರು. ನಮ್ಮ ಓದುಗರಿಗೆ ಈ ಮನೆತನದ ಹೆಸರು ಹೊಸದಿರಬಹುದು, ಮನೆತನ ಹೊಸದಲ್ಲ. ಗೋವೆಗೆ ಬಂದ ಸಂತ ಫ್ರಾನ್ಸಿಸ್ ಕ್ಸೇವಿಯರರ ತಾಯಿ ಮರಿಯಾ ದೆ ಅಸ್ಪಿಲ್ಕ್ವೆತ. ಈ ಪಂಡಿತರು ಸಂತರ ತಾಯಿಯ ಕಡೆಯ ಬಂಧು.

ಈಗ ನಾಣ್ಯದ ವಿಷಯಕ್ಕೆ ಬರೋಣ. ಅಮೆರಿಕದ ಗಣಿಗಳಿಂದ ಹಡಗುಗಟ್ಟಲೆ ಬೆಳ್ಳಿ ಬರುತ್ತಿದ್ದರೂ ಸ್ಪೇನಿನ ಅರಮನೆ ಸದಾ ಸಾಲದಲ್ಲಿತ್ತು. ಕಾರಣ ಯುದ್ಧಗಳು. ಎರಡನೇ ಫಿಲಿಪ್ 1557, 1575, 1596ರಲ್ಲಿ ಸಾಲ ತೀರಿಸಲಾರೆ ಎಂದು ಕೈಯೆತ್ತಿದ್ದ. ಮಗ 1607ರಲ್ಲಿ ಅದನ್ನೇ ಮಾಡಿದ. ಹೊಸ ತೆರಿಗೆ ಹಾಕಬೇಕೆಂದರೆ ಸಭೆಯನ್ನು ಕೇಳಬೇಕು, ಚೌಕಾಸಿ ಮಾಡಬೇಕು. ಅರಮನೆಗೆ ಇನ್ನೊಂದು ದಾರಿ ಹೊಳೆಯಿತು. ಬಡವರ ಕೈಯಲ್ಲಿ ಓಡಾಡುತ್ತಿದ್ದ ಚಿಲ್ಲರೆ ನಾಣ್ಯ 'ವೆಲ್ಯೊನ್' ಎಂಬುದು. ತಾಮ್ರಕ್ಕೆ ಸ್ವಲ್ಪ ಬೆಳ್ಳಿ ಬೆರೆಸಿ ಮಾಡುತ್ತಿದ್ದರು. 1599ರಲ್ಲಿ ಆ ಬೆಳ್ಳಿಯನ್ನು ತೆಗೆದು ಬರೀ ತಾಮ್ರದಲ್ಲಿ ಟಂಕಿಸಲು ಆಜ್ಞೆಯಾಯಿತು. 1602ರಲ್ಲಿ ತಾಮ್ರದ ತೂಕವನ್ನೂ ಅರ್ಧಕ್ಕೆ ಇಳಿಸಿದರು. 1603ರಲ್ಲಿ ಇನ್ನೂ ಒಂದು ಹೆಜ್ಜೆ ಹೋದರು: ಜನ ತಮ್ಮಲ್ಲಿರುವ ಹಳೆಯ ನಾಣ್ಯಗಳನ್ನು ಟಂಕಸಾಲೆಗೆ ತರಬೇಕು, ಅಲ್ಲಿ ಅವುಗಳ ಮೇಲೆ ಎರಡರಷ್ಟು ಬೆಲೆಯ ಗುರುತು ಒತ್ತುತ್ತಾರೆ. ಎರಡು ಮರವೇದಿಯ ನಾಣ್ಯ ನಾಲ್ಕಾಗುತ್ತದೆ, ನಾಲ್ಕರದು ಎಂಟಾಗುತ್ತದೆ. ತಂದವನಿಗೆ ಲೆಕ್ಕದಲ್ಲಿ ಏನೂ ಕಡಿಮೆಯಾಗಲಿಲ್ಲ, ಅವನು ತಂದಷ್ಟೇ ಮರವೇದಿ ಕೈಗೆ ಬಂತು. ನಾಣ್ಯಗಳ ಸಂಖ್ಯೆ ಮಾತ್ರ ಅರ್ಧ. ಉಳಿದರ್ಧ ರಾಜನ ಬೊಕ್ಕಸಕ್ಕೆ.

ಮರಿಯಾನ ತೂಕ ಮತ್ತು ಅಳತೆಗಳ ಬಗ್ಗೆಯೇ 1599ರಲ್ಲಿ ಒಂದು ಪುಸ್ತಕ ಬರೆದಿದ್ದವರು. ನಮ್ಮ ಅಂಗಡಿಯ ಅಜ್ಜನ ಜಾತಿಯವರೇ ಎನ್ನಿ! 1609ರಲ್ಲಿ ಜರ್ಮನಿಯ ಕೊಲೋನ್ ನಗರದಲ್ಲಿ ಅವರ ಏಳು ಲತೀನ್ ಪ್ರಬಂಧಗಳ ಸಂಪುಟವೊಂದು ಅಚ್ಚಾಯಿತು. ಅದರಲ್ಲೊಂದು ನಾಣ್ಯವನ್ನು ಬದಲಿಸುವ ಕುರಿತು. ಅಲ್ಲಿ ಅವರು ಕೊಡುವ ದೃಷ್ಟಾಂತವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ರಾಜ ನಿಮ್ಮ ಕಣಜಕ್ಕೆ ನುಗ್ಗಿ ಅರ್ಧ ಗೋದಿ ಹೊತ್ತುಕೊಂಡು ಹೋಗುತ್ತಾನೆ. ಹೋಗುವಾಗ, ಬೇಸರ ಬೇಡ, ಉಳಿದರ್ಧವನ್ನು ಪೂರ್ತಿ ಕಣಜದ ಬೆಲೆಗೆ ಮಾರಿಕೋ ಎಂದು ಅಪ್ಪಣೆ ಕೊಡುತ್ತಾನೆ. ಇದನ್ನು ಯಾರಾದರೂ ನ್ಯಾಯ ಎನ್ನುತ್ತಾರೆಯೇ? ಗೋದಿಯಲ್ಲಿ ಮಾಡಿದರೆ ದರೋಡೆಯಾಗುವುದು ನಾಣ್ಯದಲ್ಲಿ ಮಾಡಿದರೆ ರಾಜನೀತಿ ಹೇಗಾಯಿತು? ರಾಜನು ಪ್ರಜೆಗಳ ಆಸ್ತಿಗೆ ಒಡೆಯನಲ್ಲ. ಆದ್ದರಿಂದ ಒಪ್ಪಿಗೆಯಿಲ್ಲದೆ ತೆರಿಗೆ ಎತ್ತುವ ಹಾಗಿಲ್ಲ. ನಾಣ್ಯವನ್ನು ಹಗುರ ಮಾಡುವುದು ಮುಚ್ಚಿಟ್ಟ ತೆರಿಗೆ. ಆದ್ದರಿಂದ ಅದಕ್ಕೂ ಒಪ್ಪಿಗೆ ಬೇಕು. ವಾದ ಇಷ್ಟು ನೇರ.

ಮುಂದೆ ಏನಾಗುತ್ತದೆಂಬುದನ್ನೂ ಅವರು ಬರೆದರು. ಬೆಲೆ ಏರುತ್ತದೆ. ಬೆಲೆಗೆ ಮಿತಿ ಹಾಕಿ ಆಜ್ಞೆ ಹೊರಡಿಸಿದರೆ ಯಾರೂ ಮಾರಲು ಮುಂದೆ ಬರುವುದಿಲ್ಲ. ಬೆಳ್ಳಿ ಮರೆಯಾಗುತ್ತದೆ. ಇದನ್ನು ಅರಿಯಲು ಅರ್ಥಶಾಸ್ತ್ರ ಓದಬೇಕಿಲ್ಲ: ಜೇಬಿನಲ್ಲಿ ಒಂದು ಹರಿದ ನೋಟು, ಒಂದು ಹೊಸ ನೋಟು ಇದ್ದರೆ ಬಸ್ಸಿನಲ್ಲಿ ಕಂಡಕ್ಟರಿಗೆ ನಾವು ಮೊದಲು ಕೊಡುವುದು ಹರಿದದ್ದನ್ನೇ ಅಲ್ಲವೇ? ಹೊಸದು ಒಳಗೇ ಉಳಿಯುತ್ತದೆ. ಸ್ಪೇನಿನಲ್ಲೂ ತಾಮ್ರ ಬೀದಿಗೆ ಬಂತು, ಬೆಳ್ಳಿ ಪೆಟ್ಟಿಗೆಗೂ ಹೊರದೇಶಕ್ಕೂ ಹೋಯಿತು. ಹಾಗಾದರೆ ರಾಜನಿಗೆ ಹಣ ಎಲ್ಲಿಂದ ಎಂಬ ಪ್ರಶ್ನೆಯನ್ನೂ ಮರಿಯಾನ ತಪ್ಪಿಸಿಕೊಳ್ಳಲಿಲ್ಲ. ಅರಮನೆಯ ಖರ್ಚು ತಗ್ಗಿಸಿ. ಇನಾಮು, ಉಂಬಳಿ ಹಂಚುವುದನ್ನು ನಿಲ್ಲಿಸಿ. ಬರಿಗೈಯಲ್ಲಿ ಅಧಿಕಾರಕ್ಕೆ ಬಂದು ಕೆಲವೇ ವರ್ಷಗಳಲ್ಲಿ ಸಿರಿವಂತರಾದ ಅಧಿಕಾರಿಗಳ ಲೆಕ್ಕ ತೆಗೆಯಿರಿ. ತೆರಿಗೆ ಬೇಕೇ ಬೇಕೆಂದರೆ ಶ್ರೀಮಂತರ ರೇಷ್ಮೆ ಮತ್ತಿತರ ಭೋಗವಸ್ತುಗಳ ಮೇಲೆ ಹಾಕಿ.

ಈ ಕೊನೆಯ ಭಾಗವೇ ಅರಮನೆಗೆ ನಾಟಿದ್ದು. ಏಕೆಂದರೆ ದೇಶ ಆಳುತ್ತಿದ್ದದ್ದು ರಾಜನಲ್ಲ, ಅವನ ಆಪ್ತ, ಲೆರ್ಮಾದ ಡ್ಯೂಕ್. ಆತನ ಬಳಗದ ಇಬ್ಬರು ದೊಡ್ಡ ಅಧಿಕಾರಿಗಳು ಬೊಕ್ಕಸ ತಿಂದ ಆರೋಪದ ಮೇಲೆ ಅದಕ್ಕೆ ಎರಡು ಮೂರು ವರ್ಷ ಮೊದಲೇ ಸೆರೆಯಾಗಿದ್ದರು. ಮರಿಯಾನ ಯಾರ ಹೆಸರನ್ನು ಹೇಳುವ ಅಗತ್ಯವೂ ಇರಲಿಲ್ಲ.

1609ರ ಸೆಪ್ಟೆಂಬರಿನಲ್ಲಿ ಅವರನ್ನು ಬಂಧಿಸಿ ಮ್ಯಾಡ್ರಿಡ್‌ನ ಫ್ರಾನ್ಸಿಸ್ಕನ್ ಮಠದಲ್ಲಿ ಇಟ್ಟರು. ಆಗ ಅವರಿಗೆ ಎಪ್ಪತ್ತಮೂರು ವರ್ಷ. ಆರೋಪ ರಾಜದ್ರೋಹ. ವಿಚಾರಣೆಗೆ ಕೂತವರು ಒಬ್ಬ ಧರ್ಮಾಧ್ಯಕ್ಷರು! ಪುಸ್ತಕದ ಪ್ರತಿಗಳನ್ನು ಹೊರದೇಶಗಳಲ್ಲೂ ಕೊಂಡು ನಾಶಮಾಡಲು ರಾಯಭಾರಿಗಳಿಗೆ ಸೂಚನೆ ಹೋಯಿತು. ಅದೇ ಸೆಪ್ಟೆಂಬರಿನಲ್ಲಿ ಅದೇ ಅರಮನೆ ವಲೆನ್ಸಿಯಾ ಪ್ರಾಂತದಲ್ಲಿ ಇನ್ನೊಂದು ಆಜ್ಞೆಯನ್ನು ಸಾರಿಸಿತು. ಮುಸ್ಲಿಂ ಮೂಲದ ಕ್ರೈಸ್ತರಾದ ಮೊರಿಸ್ಕೊ ಜನರೆಲ್ಲ ದೇಶ ಬಿಟ್ಟು ಹೋಗಬೇಕು. ದೀಕ್ಷಾಸ್ನಾನ ಪಡೆದವರು ಅವರು. ಮುಂದಿನ ಐದು ವರ್ಷಗಳಲ್ಲಿ ಸುಮಾರು 3 ಲಕ್ಷ ಜನ ಮನೆ ಮಠ ಕಳೆದುಕೊಂಡರು. ನಾಣ್ಯದ ಅರ್ಧವನ್ನು ಕೇಳದೆ ತೆಗೆದುಕೊಳ್ಳಬಲ್ಲ ಕೈಗೆ ಊರನ್ನೇ ತೆಗೆದುಕೊಳ್ಳಲು ಸಂಕೋಚವಿರಲಿಲ್ಲ.

ಇಲ್ಲಿ ನಮ್ಮ ಕರಾವಳಿಯವರಿಗೆ ಒಂದು ಮಾತು. 1580ರಿಂದ 1640ರವರೆಗೆ ಪೋರ್ಚುಗಲ್ ಸಿಂಹಾಸನವೂ ಸ್ಪೇನಿನ ಅರಸರ ಕೈಯಲ್ಲೇ ಇತ್ತು. ಗೋವೆಯ ವೈಸರಾಯ್ ವರದಿ ಒಪ್ಪಿಸುತ್ತಿದ್ದದ್ದು ಇದೇ ಮೂರನೇ ಫಿಲಿಪ್ಪನಿಗೆ. ಹೊನ್ನಾವರ, ಬಸ್ರೂರು, ಮಂಗಳೂರಿನ ಪೋರ್ಚುಗೀಸ್ ಕೋಟೆಗಳು ಇದ್ದದ್ದೂ ಅವನ ಹೆಸರಿನಲ್ಲೇ. ಕೆನರಾದ ಅಕ್ಕಿ ಉಂಡ ಗೋವೆಯ ಸೈನಿಕನೂ ತಾಮ್ರದ ನಾಣ್ಯಕ್ಕೆ ಉಪ್ಪು ಕೊಂಡ ತೊಲೆದೊದ ವಿಧವೆಯೂ ಒಬ್ಬನೇ ಅರಸನ ಪ್ರಜೆಗಳು.

ಮರಿಯಾನ ಸುಮಾರು ಒಂದು ವರ್ಷ ಸೆರೆಯಲ್ಲಿದ್ದರು. ಅವರು ಒಳಗಿರುವಾಗಲೇ ಅವರ ಹಳೆಯ ಪುಸ್ತಕ ಇನ್ನೊಂದು ಕಡೆ ಬೆಂಕಿ ಹತ್ತಿಸಿತು. ಇದನ್ನು ಮುಚ್ಚಿಟ್ಟು ಅವರನ್ನು ಬರೀ ಧೀರನೆಂದು ನಿಮ್ಮ ಮುಂದೆ ನಿಲ್ಲಿಸಿದರೆ ಅದು ನನ್ನ ಅಪ್ರಾಮಾಣಿಕತೆಯಾದೀತು. 1599ರ ಗ್ರಂಥದಲ್ಲಿ ಅವರು, ರಾಜ ಪ್ರಜಾಪೀಡಕನಾದರೆ ಮೊದಲು ಸಭೆ ಎಚ್ಚರಿಸಬೇಕು, ತಿದ್ದಿಕೊಳ್ಳದಿದ್ದರೆ ಪದಚ್ಯುತಗೊಳಿಸಬೇಕು ಎನ್ನುತ್ತಾರೆ. ಅಲ್ಲಿಗೆ ಸರಿ. ಆದರೆ ಸಭೆ ಸೇರಲೂ ಬಿಡದಿದ್ದರೆ ಒಬ್ಬ ಖಾಸಗಿ ವ್ಯಕ್ತಿಯೂ ಅವನನ್ನು ಕೊಲ್ಲಬಹುದು ಎಂಬವರೆಗೆ ಹೋಗುತ್ತಾರೆ. 1589ರಲ್ಲಿ ಫ್ರಾನ್ಸಿನ ಮೂರನೇ ಹೆನ್ರಿಯನ್ನು ಇರಿದು ಕೊಂದ ದೊಮಿನಿಕನ್ ಸನ್ಯಾಸಿ ಜಾಕ್ ಕ್ಲೆಮಾಂನನ್ನು ಮೊದಲ ಮುದ್ರಣದಲ್ಲಿ ಹೊಗಳಿಯೂ ಇದ್ದರು. 1610ರ ಮೇ 14ರಂದು ರಾವಯ್ಯಾಕ್ ಎಂಬವನು ನಾಲ್ಕನೇ ಹೆನ್ರಿಯನ್ನು ಕೊಂದ. ಆ ಪುಸ್ತಕ ತನಗೆ ಗೊತ್ತಿಲ್ಲವೆಂದು ಅವನು ಹೇಳಿದರೂ, ಜೂನ್ ತಿಂಗಳಲ್ಲಿ ಪ್ಯಾರಿಸಿನ ನ್ಯಾಯಸಭೆ ಅದನ್ನು ವಧಕಾರನ ಕೈಯಿಂದ ಸುಡಿಸಿತು. ಯೇಸುಸಭೆಯ ಮಹಾಶ್ರೇಷ್ಠರಾದ ಅಕ್ವಾವೀವಾ, ಇಂಥ ಬೋಧನೆಯನ್ನು ಸಭೆಯ ಯಾರೂ ಮಾಡಕೂಡದೆಂದು ಜುಲೈಯಲ್ಲಿ ಕಟ್ಟಪ್ಪಣೆ ಹೊರಡಿಸಿದರು.

ಅಕ್ವಾವೀವಾ ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. 1415ರಲ್ಲಿ ಕಾನ್‌ಸ್ಟನ್ಸ್ ಮಹಾಸಭೆ ಇದೇ ಬಗೆಯ ವಾದವನ್ನು ತಳ್ಳಿಹಾಕಿತ್ತು; ಆ ತೀರ್ಪಿಗೆ ಜಗದ್ಗುರುಗಳ ಒಪ್ಪಿಗೆ ಬಿದ್ದಿಲ್ಲ ಎಂದು ಮರಿಯಾನ ವಾದಿಸಿ ನುಣುಚಿಕೊಂಡರು. ರಾಜನಿಗೆ ಯಾರ ಒಪ್ಪಿಗೆಯೂ ಇಲ್ಲದೆ ನಾಣ್ಯ ಕತ್ತರಿಸುವ ಹಕ್ಕಿಲ್ಲ ಎಂದವರು, ಯಾರ ಒಪ್ಪಿಗೆಯೂ ಇಲ್ಲದೆ ರಾಜನನ್ನು ಕತ್ತರಿಸುವ ಹಕ್ಕನ್ನು ಒಬ್ಬನಿಗೆ ಹೇಗೆ ಕೊಟ್ಟರೋ! ನಾಣ್ಯದ ಪ್ರಬಂಧದಲ್ಲಿ ಅವರು ಹಿಡಿದ ತಕ್ಕಡಿ ಇಲ್ಲಿ ಕೈಜಾರಿತು.

ಇನ್ನೊಂದು ಕಡೆ ಮಾತ್ರ ಅದು ಜಾರಲಿಲ್ಲ. ಬಂಧಿಸಿದಾಗ ಅವರ ಕಾಗದಪತ್ರಗಳನ್ನು ಜಪ್ತಿ ಮಾಡಲಾಯಿತು. ಅವುಗಳಲ್ಲಿ ಒಂದು ಹಸ್ತಪ್ರತಿ ಸಿಕ್ಕಿತು. ಅದು ರಾಜನ ಮೇಲಲ್ಲ, ತಮ್ಮದೇ ಯೇಸುಸಭೆಯ ಆಡಳಿತದ ಲೋಪಗಳ ಮೇಲೆ. ಎಲ್ಲ ಅಧಿಕಾರ ರೋಮಿನಲ್ಲಿರುವ ಒಬ್ಬರ ಕೈಯಲ್ಲಿ ಕೂಡಿದೆ. ದೂರದಲ್ಲಿ ಕೂತವರಿಗೆ ಪ್ರಾಂತಗಳ ಸ್ಥಿತಿ ತಿಳಿಯುವುದು ಹೇಗೆ. ಹಿರಿಯರ ಮಾತು ಕೇಳುವ ಪದ್ಧತಿ ಬೇಕು ಎಂಬುದು ಅದರ ದೂರು. ಅಚ್ಚು ಹಾಕಿಸಲು ಬರೆದದ್ದಲ್ಲ. ಅವರು ತೀರಿಕೊಂಡ ಮರುವರ್ಷ, 1625ರಲ್ಲಿ, ಯಾರೋ ಬೋರ್ಡೊ ನಗರದಲ್ಲಿ ಅದನ್ನು ಅಚ್ಚು ಹಾಕಿಸಿಬಿಟ್ಟರು, ಯೇಸುಸಭೆಗೆ ಬಹಳ ಮುಜುಗರವಾಯಿತು. ಸರ್ಕಾರವನ್ನು ಬೈಯುವುದು ನಮಗೆಲ್ಲ ಸುಲಭ. ಧರ್ಮಕೇಂದ್ರದ ಆರ್ಥಿಕ ಸಮಿತಿಯ ಸಭೆಯಲ್ಲಿ ಯಾರಾದರೂ ಎದ್ದು, ಫಾದರ್, ಈ ಖರ್ಚಿಗೆ ನಮ್ಮನ್ನು ಕೇಳಿದಿರಾ ಎಂದಾಗ ನನ್ನ ಮುಖ ಕೆಂಪಾದದ್ದು ನನಗೆ ನೆನಪಿದೆ.

ಇಂದು ಮರಿಯಾನರ ಹೆಸರನ್ನು ಹೆಚ್ಚು ಹೇಳುವವರು ಲಿಬರ್ಟೇರಿಯನ್ ಎಂಬ ಪಂಥದವರು. ವ್ಯಕ್ತಿಯ ಸ್ವಾತಂತ್ರ್ಯ ಮತ್ತು ಆಸ್ತಿ ಮೊದಲು, ಸರ್ಕಾರ ಆದಷ್ಟು ಚಿಕ್ಕದಿರಲಿ ಎನ್ನುವವರು ಇವರು. ಸರ್ಕಾರವೇ ಬೇಡ ಎನ್ನುವವರೂ ಇದ್ದಾರೆ. ಅಮೆರಿಕದ ಮರ್ರಿ ರೋತ್‌ಬಾರ್ಡ್ ಅಂಥವರು. ಅರ್ಥಶಾಸ್ತ್ರದ ಚರಿತ್ರೆ ಬರೆಯುವಾಗ ಅವರು ಮರಿಯಾನರಿಗೆ ಗೌರವದ ಸ್ಥಾನ ಕೊಟ್ಟರು. ಅವರಿಗಿಂತ ಮೊದಲೇ, 1928ರಲ್ಲಿ, ಜಾನ್ ಲೌರೆಸ್ ಎಂಬ ಯೇಸುಸಭೆಯ ಗುರುಗಳು ಮರಿಯಾನರ ಆರ್ಥಿಕ ಚಿಂತನೆಯ ಮೇಲೆ ಪುಸ್ತಕ ಪ್ರಕಟಿಸಿದ್ದರು. 1974ರಲ್ಲಿ ನೊಬೆಲ್ ಬಹುಮಾನ ಪಡೆದ ಹಾಯೆಕ್ ತಮ್ಮ ಭಾಷಣದಲ್ಲಿ, ವಸ್ತುವಿನ ನಿಜವಾದ ಬೆಲೆ ದೇವರಿಗೆ ಮಾತ್ರ ತಿಳಿಯಬಲ್ಲುದೆಂಬ ಮಾತನ್ನು ಆ ಕಾಲದ ಸ್ಪೇನಿನ ಯೇಸುಸಭೆಯ ಪಂಡಿತರಿಂದಲೇ ಎತ್ತಿಕೊಂಡರು. ನಮ್ಮ ಮನೆಯ ಅಟ್ಟದಲ್ಲಿ ಮರೆತಿಟ್ಟ ಪಾತ್ರೆಯನ್ನು ಪಕ್ಕದ ಮನೆಯವರು ತೊಳೆದು ಬಳಸಿದ ಹಾಗೆ ಇದು.

ಆದರೆ ಅವರು ಪಾತ್ರೆಯ ಅರ್ಧ ಭಾಗವನ್ನೇ ತೊಳೆದಿದ್ದಾರೆ. ಕಣಜದ ದೃಷ್ಟಾಂತ ಕೊಟ್ಟ ಇದೇ ಮರಿಯಾನ, ರಾಜನ ಕರ್ತವ್ಯಗಳ ಗ್ರಂಥದಲ್ಲಿ ಬಡವರಿಗಾಗಿ ಒಂದು ಅಧ್ಯಾಯವನ್ನೇ ಇಟ್ಟಿದ್ದಾರೆ. ದೇವರು ಭೂಮಿಯ ಸಂಪತ್ತನ್ನು ಕೊಟ್ಟದ್ದು ಎಲ್ಲರಿಗೆ; ಕೆಲವರ ಕೈಯಲ್ಲಿ ಅದು ಮಿತಿಮೀರಿ ಕೂಡದಂತೆ ನೋಡುವುದು ಅರಸನ ಹೊಣೆ; ಶ್ರೀಸಭೆಯ ಆದಾಯವೂ ಬಡವರಿಗೇ ಹೋಗಬೇಕು ಎನ್ನುತ್ತಾರೆ. ಬಲವಂತದ ಕೈಯನ್ನು ಕಟ್ಟಬೇಕು, ಬಡವನ ಕೈಯನ್ನು ಬಿಡಬಾರದು, ಇವೆರಡನ್ನೂ ಒಟ್ಟಿಗೆ ಹಿಡಿದವರು ಅವರು. ಜಗದ್ಗುರು ಹದಿಮೂರನೇ ಲಿಯೋ 1891ರಲ್ಲಿ, ಹನ್ನೊಂದನೇ ಪಿಯುಸ್ 1931ರಲ್ಲಿ ಬರೆದ ವಿಶ್ವಪತ್ರಗಳಲ್ಲೂ ಈ ಎರಡು ಎಳೆಗಳು ಸೇರಿಯೇ ಇವೆ. ಕುಟುಂಬ, ಊರು ಮಾಡಬಲ್ಲದ್ದನ್ನು ಸರ್ಕಾರ ಕಸಿದುಕೊಳ್ಳಬಾರದು. ಅವು ಸೋತಲ್ಲಿ ಕೈಕೊಡದೆಯೂ ಇರಬಾರದು.

ಅಧಿಕಾರ ಮನುಷ್ಯನನ್ನು ಕೆಡಿಸುತ್ತದೆ ಎಂಬ ಆ್ಯಕ್ಟನ್ ಪ್ರಭುವಿನ ಹೆಸರಾಂತ ಮಾತನ್ನು ಚುನಾವಣೆಯ ಕಾಲದಲ್ಲಿ ಎಲ್ಲರೂ ಉದ್ಧರಿಸುತ್ತಾರೆ. ಅದನ್ನು ಬರೆದವರು ಒಬ್ಬ ಕಥೋಲಿಕ ಇತಿಹಾಸಕಾರ. ಬರೆದದ್ದು 1887ರಲ್ಲಿ, ಮುಂದೆ ಆಂಗ್ಲಿಕನ್ ಧರ್ಮಾಧ್ಯಕ್ಷರಾದ ಕ್ರೈಟನ್ ಎಂಬವರಿಗೆ ಕಳಿಸಿದ ಪತ್ರದಲ್ಲಿ. ವಿಷಯ ಮಂತ್ರಿಗಳ ಭ್ರಷ್ಟಾಚಾರವಲ್ಲ. ಹಿಂದಿನ ಜಗದ್ಗುರುಗಳನ್ನೂ ರಾಜರನ್ನೂ ಸಾಮಾನ್ಯರಿಗಿಂತ ಮೃದುವಾಗಿ ತೂಗಬೇಕೇ ಎಂಬುದು. ಬೇಡ, ಬಟ್ಟು ಎಲ್ಲರಿಗೂ ಒಂದೇ ಇರಲಿ ಎಂಬುದು ಆ್ಯಕ್ಟನ್ ಅವರ ನಿಲುವು. ಆ ಬಟ್ಟು ಕೈಗೆತ್ತಿಕೊಂಡರೆ ಲೆರ್ಮಾದ ಡ್ಯೂಕನ ಕಥೆಯ ಕೊನೆಯನ್ನೂ ತೂಗಲೇಬೇಕು. 1618ರಲ್ಲಿ, ತನ್ನ ಕಾಲಡಿಯ ನೆಲ ಕುಸಿಯುತ್ತಿದೆ ಎಂದು ತಿಳಿದ ಆತ ರೋಮಿನಿಂದ ಕಾರ್ಡಿನಲ್ ಪದವಿ ಪಡೆದುಕೊಂಡ. ಅದೇ ವರ್ಷ ಅಧಿಕಾರ ಹೋಯಿತು. ಆದರೆ ಕೆಂಪು ನಿಲುವಂಗಿಯವನನ್ನು ರಾಜನ ನ್ಯಾಯಾಲಯ ಸೆರೆಗೆ ಹಾಕಲಿಲ್ಲ. ನಾಣ್ಯದ ಸತ್ಯ ಹೇಳಿದ ಗುರು ಸೆರೆಯಲ್ಲಿ, ಬೊಕ್ಕಸ ಬರಿದು ಮಾಡಿದವನು ಕಾರ್ಡಿನಲ್ ಪೀಠದಲ್ಲಿ.

ಮರಿಯಾನ ಬಿಡುಗಡೆಯಾಗಿ ತೊಲೆದೊಗೆ ಮರಳಿ ಬೈಬಲಿಗೆ ಟಿಪ್ಪಣಿ ಬರೆದರು. ಅದು 1619ರಲ್ಲಿ ಹೊರಬಂತು. 1624ರ ಫೆಬ್ರವರಿಯಲ್ಲಿ, ಎಂಬತ್ತೆಂಟರ ಆಸುಪಾಸಿನ ವಯಸ್ಸಿನಲ್ಲಿ ತೀರಿಕೊಂಡರು. ಇನ್ನು ಇಪ್ಪತ್ತು ವರ್ಷ ತಾಮ್ರದ ನಾಣ್ಯ ಟಂಕಿಸುವುದಿಲ್ಲ ಎಂದು ಮೂರನೇ ಫಿಲಿಪ್ 1608ರಲ್ಲಿ ಸಭೆಗೆ ಮಾತು ಕೊಟ್ಟಿದ್ದ. 1617ರಲ್ಲಿ ಮತ್ತೆ ಟಂಕಸಾಲೆಯ ಒಲೆ ಹೊತ್ತಿತು. ಅವನ ಮಗ ನಾಲ್ಕನೇ ಫಿಲಿಪ್ಪನ ಕಾಲಕ್ಕೆ ದೇಶವೆಲ್ಲ ತಾಮ್ರ. ಕೊನೆಗೆ 1628ರಲ್ಲಿ, ಮರಿಯಾನ ಸತ್ತು ನಾಲ್ಕು ವರ್ಷಕ್ಕೆ, ಒಂದು ರಾಜಾಜ್ಞೆ ಬಂತು: ತಾಮ್ರದ ನಾಣ್ಯಗಳ ಬೆಲೆ ಇಂದಿನಿಂದ ಅರ್ಧ. ರಾತ್ರಿ ಪೆಟ್ಟಿಗೆಯಲ್ಲಿ ಎಂಟು ಮರವೇದಿ ಇಟ್ಟು ಮಲಗಿದವನು ಬೆಳಿಗ್ಗೆ ಎದ್ದಾಗ ಅದೇ ನಾಣ್ಯ, ಅದೇ ರಾಜಮುದ್ರೆ, ಬೆಲೆ ನಾಲ್ಕು.

ಅಂಗಡಿಯ ಅಜ್ಜನಿಗೆ ಇದನ್ನೆಲ್ಲ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಒಂದೇ ಮಾತು ಕೇಳಿದರು: "ಆ ಸ್ವಾಮಿಗಳನ್ನ ಜೈಲಿಗೆ ಹಾಕಿದಾಗ ಅವರ ಊರಿನೋರು ಯಾರಾದ್ರೂ ನೋಡೋಕೆ ಹೋಗಿದ್ರಾ ಫಾದರ್?"